ದುಡಿಮೆಯ ಲೆಕ್ಕವೂ ದೇಶದ ಆರೋಗ್ಯವೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಒಂದು ದೇಶವು ಕ್ಷೇಮದಿಂದಿದೆಯೋ ಇಲ್ಲವೋ ಎಂಬುದನ್ನು ತಿಳಿಯಬೇಕಾದರೆ ಅದರ ಬೊಕ್ಕಸವನ್ನು ನೋಡಬೇಕೆಂದು ಕೆಲವರು ಹೇಳುವರು. ಅದರ ರಫ್ತು ವ್ಯಾಪಾರವನ್ನು ನೋಡಬೇಕೆಂದು ಮತ್ತೆ ಕೆಲವರ ಮತ. ಷೇರುಪೇಟೆಯ ಏರಿಳಿತವೇ ಸಾಕಾದ ಸಾಕ್ಷ್ಯವೆಂದು ಇನ್ನು ಕೆಲವರು ನಂಬಿರುವರು. ನಮ್ಮ ಅಭಿಪ್ರಾಯವು ಇವೆಲ್ಲಕ್ಕಿಂತ ಬೇರೆಯಾದುದು. ದುಡಿಯುವ ಶಕ್ತಿಯೂ ಮನಸ್ಸೂ ಉಳ್ಳ ಪ್ರಜೆಗಳಲ್ಲಿ ಎಷ್ಟು ಮಂದಿಗೆ, ವರ್ಷದಲ್ಲಿ ಎಷ್ಟು ದಿನ, ಮನೆಮಂದಿಯ ಹೊಟ್ಟೆ ತುಂಬುವಷ್ಟು ಪ್ರತಿಫಲದೊಡನೆ ಕೆಲಸವು ದೊರೆಯುತ್ತಿದೆ ಎಂಬುದೇ ದೇಶದ ಆರ್ಥಿಕ ಆರೋಗ್ಯಕ್ಕೆ ನಿಜವಾದ ಒರೆಗಲ್ಲು. ಆದರೆ ಒರೆಗಲ್ಲು ಸಾಚಾ ಆಗಿದ್ದರೆ ಸಾಲದು. ಒರೆಯುವ ಕೈಯೂ ಸಾಚಾ ಆಗಿರಬೇಕು. ಈಗ ಇಂಡಿಯಾ ಸರ್ಕಾರದವರು ಪ್ರಕಟಿಸುತ್ತಿರುವ ಉದ್ಯೋಗದ ಅಂಕಿಗಳನ್ನು ನಮ್ಮ ನಾಲ್ಕು ತಾಲ್ಲೂಕುಗಳ ಸ್ಥಿತಿಯೊಡನೆ ಹೋಲಿಸಿ ನೋಡಿದಲ್ಲಿ ಈ ಮಾತಿನ ಅಗತ್ಯವು ವಾಚಕರಿಗೆ ಮನವರಿಕೆಯಾಗದೆ ಇರದು.

ಅಂಕಿಗಳು ಹೇಳುವುದೇನು

ರಾಷ್ಟ್ರೀಯ ಅಂಕಿಅಂಶಗಳ ಇಲಾಖೆಯವರು 2017-18ರಿಂದ ಪ್ರತಿ ವರ್ಷವೂ ಶ್ರಮಬಲದ ಸಮೀಕ್ಷೆಯೊಂದನ್ನು ನಡೆಸುತ್ತ ಬಂದಿದ್ದಾರೆ. ಮೊದಲ ವರ್ಷದ ಸಮೀಕ್ಷೆಯಲ್ಲಿ ನಿರುದ್ಯೋಗವು ಸೇಕಡಾ 6.1 ಎಂದು ಕಂಡುಬಂದಿತು. ಆಗ ದೇಶದಲ್ಲೆಲ್ಲ ದೊಡ್ಡ ಕೋಲಾಹಲವಾಯಿತು. 2023-24ರ ಸಮೀಕ್ಷೆಯಲ್ಲಿ ಅದೇ ಅಂಕಿಯು ಸೇಕಡಾ 3.2ಕ್ಕೆ ಇಳಿದಿತ್ತು. ಹದಿನೈದು ವರ್ಷ ಮೀರಿದವರಲ್ಲಿ ಕೆಲಸದಲ್ಲಿರುವವರ ಪ್ರಮಾಣವು ಸೇಕಡಾ 46.8ರಿಂದ 58.2ಕ್ಕೆ ಏರಿತ್ತು. ಕೆಲಸದಲ್ಲಿರುವ ಅಥವಾ ಕೆಲಸವನ್ನು ಅರಸುವ ಸ್ತ್ರೀಯರ ಪ್ರಮಾಣವಂತೂ ಸೇಕಡಾ 23.3ರಿಂದ 41.7ಕ್ಕೆ ಮುಟ್ಟಿತ್ತು. ಈ ಮೂರು ಅಂಕಿಗಳನ್ನು ಮಾತ್ರ ಕಂಡವರು, ದೇಶಕ್ಕೆ ಸುಭಿಕ್ಷವು ಬಂದೇಬಿಟ್ಟಿತೆಂದು ತಿಳಿದರೆ ಆಶ್ಚರ್ಯವಿಲ್ಲ.

ಆದರೆ ಅದೇ ವರದಿಗಳ ಒಳಪುಟಗಳಲ್ಲಿ ಬೇರೆ ಅಂಕಿಗಳೂ ಉಂಟು. ಬೇಸಾಯವನ್ನು ನಂಬಿದವರ ಪ್ರಮಾಣವು 2017-18ರಲ್ಲಿ ಸೇಕಡಾ 44.1 ಇದ್ದುದು 2023-24ರಲ್ಲಿ 46.1 ಆಯಿತು. ಜಗತ್ತಿನ ಮುಂದುವರಿದ ದೇಶಗಳೆಲ್ಲ ಹೊಲದಿಂದ ಕಾರ್ಖಾನೆಗೆ ಜನರನ್ನು ಕಳುಹಿಸಿ ಬೆಳೆದಿರುವಲ್ಲಿ, ನಮ್ಮ ಜನರು ಕಾರ್ಖಾನೆಯಿಂದಲೂ ಪೇಟೆಯಿಂದಲೂ ಹೊಲಕ್ಕೆ ಹಿಂದಿರುಗಿದ್ದಾರೆ. ತಮ್ಮ ದುಡಿಮೆಯನ್ನು ತಾವೇ ಕಂಡುಕೊಂಡವರ ಪ್ರಮಾಣವು ಸೇಕಡಾ 52.2ರಿಂದ 58.4ಕ್ಕೆ ಏರಿತು. ತಿಂಗಳ ಸಂಬಳ ಪಡೆಯುವವರ ಪ್ರಮಾಣವು 22.8ರಿಂದ 21.7ಕ್ಕೆ ಇಳಿಯಿತು. ಮನೆಯ ಹೊಲದಲ್ಲಿಯೋ ಅಂಗಡಿಯಲ್ಲಿಯೋ ಯಾವ ಕೂಲಿಯೂ ಇಲ್ಲದೆ ಕೈಗೂಡಿಸುವವರು 2017-18ರಲ್ಲಿ ಸೇಕಡಾ 13.6 ಇದ್ದವರು 2022-23ರಲ್ಲಿ 18.3 ಆದರು. ಅಂದರೆ ಐದು ವರ್ಷಗಳಲ್ಲಿ ಹೆಚ್ಚಾದ ಉದ್ಯೋಗದಲ್ಲಿ ಒಂದು ದೊಡ್ಡ ಪಾಲು, ಒಬ್ಬರು ಮಾಡುತ್ತಿದ್ದ ಕೆಲಸವನ್ನು ಇಬ್ಬರು ಹಂಚಿಕೊಂಡುದರಿಂದ ಆದ ಉದ್ಯೋಗ.

ಇಲ್ಲಿ ನ್ಯಾಯವಾದ ಒಂದು ಮಾತನ್ನು ಹೇಳಿಬಿಡಬೇಕು. ಹೆಂಗಸರು ಹಿಂದಿನಿಂದಲೂ ದುಡಿಯುತ್ತಲೇ ಇದ್ದರು. ಕಡಲೆಕಾಯಿ ಕೀಳುವವರು, ಹಸು ಎಮ್ಮೆ ಕಟ್ಟುವವರು, ಕಳೆ ತೆಗೆಯುವವರು ಅವರೇ. ಅವರ ದುಡಿಮೆಯನ್ನು ಲೆಕ್ಕದ ಪುಸ್ತಕಕ್ಕೆ ಸೇರಿಸಿದುದು ತಪ್ಪಲ್ಲ, ಮೆಚ್ಚತಕ್ಕ ಕೆಲಸ. ಆದರೆ ಲೆಕ್ಕಕ್ಕೆ ಸೇರಿದ ಮಾತ್ರಕ್ಕೆ ಅವರ ಕೈಗೆ ಕಾಸು ಸೇರಿತೆಂದು ತಿಳಿಯಬಾರದು.

ಲೆಕ್ಕ ಹಾಕುವ ರೀತಿ

ಉದ್ಯೋಗಸ್ಥನೆಂದು ಯಾರನ್ನು ಕರೆಯುತ್ತಾರೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು. ಸಮೀಕ್ಷೆಯವರಲ್ಲಿ ಎರಡು ಅಳತೆಗಳುಂಟು. ಒಂದು ವರ್ಷದ ಅಳತೆ. ಇದರಂತೆ ವರ್ಷದ ಬಹುಭಾಗ ಕೆಲಸವಿಲ್ಲದೆ ಇದ್ದವನು ಕೂಡ, ಉಪವೃತ್ತಿಯಾಗಿ ಮೂವತ್ತು ದಿನ ದುಡಿದಿದ್ದರೆ ಉದ್ಯೋಗಸ್ಥನ ಸಾಲಿಗೆ ಬರುತ್ತಾನೆ. ಎರಡನೆಯದು ವಾರದ ಅಳತೆ. ಕಳೆದ ಏಳು ದಿನಗಳಲ್ಲಿ ಯಾವುದಾದರೊಂದು ದಿನ ಒಂದು ಗಂಟೆಯ ಕಾಲ ಕೆಲಸ ಮಾಡಿದ್ದರೆ ಸಾಕು, ಅವನು ನಿರುದ್ಯೋಗಿಯಲ್ಲ. ಈ ಎರಡನೆಯ ಅಳತೆಯಂತೆ 2025ರ ಏಪ್ರಿಲ್ ತಿಂಗಳ ನಿರುದ್ಯೋಗವು ಸೇಕಡಾ 5.1 ಎಂದು ಹೊರಬಂದಿತು. ಒಂದು ಗಂಟೆಯ ಈ ನಿಯಮವು ನಮ್ಮವರು ಕಟ್ಟಿದ ಕುಟಿಲೋಪಾಯವಲ್ಲ. ಅನ್ಯ ರಾಷ್ಟ್ರಗಳಲ್ಲಿಯೂ ನಡೆಯುತ್ತಿರುವ ಪದ್ಧತಿ. ಆದರೆ ಆ ರಾಷ್ಟ್ರಗಳ ಕಾರ್ಮಿಕನಿಗೆ ಕೆಲಸ ತಪ್ಪಿದರೆ ನಿರುದ್ಯೋಗ ಭತ್ಯವುಂಟು. ಅವನು ಮನೆಯಲ್ಲಿ ಕುಳಿತು ತಕ್ಕ ಕೆಲಸವನ್ನು ಹುಡುಕಬಲ್ಲನು. ನಮ್ಮ ಕೂಲಿಗಾರನಿಗೆ ಆ ಸೌಕರ್ಯವೆಲ್ಲಿ? ಇಂದು ದುಡಿಯದಿದ್ದರೆ ನಾಳೆ ಒಲೆ ಹೊತ್ತದು. ಆದುದರಿಂದ ಅವನು ಸಿಕ್ಕಿದ ಕೆಲಸವನ್ನು ಸಿಕ್ಕಿದ ಕೂಲಿಗೆ ಹಿಡಿಯುತ್ತಾನೆ. ಹಿಡಿದ ಕ್ಷಣವೇ ನಿರುದ್ಯೋಗದ ಪಟ್ಟಿಯಿಂದ ಅವನ ಹೆಸರು ಅಳಿಸಿಹೋಗುತ್ತದೆ.

ಈ ವಿಚಿತ್ರವನ್ನು ತೋರಿಸುವ ಇನ್ನೊಂದು ಅಂಕಿಯುಂಟು. 2022-23ರಲ್ಲಿ ಪದವೀಧರರ ನಿರುದ್ಯೋಗವು ಸೇಕಡಾ 13.4 ಇದ್ದಿತು. ಅಕ್ಷರ ಬಾರದವರಲ್ಲಿ ಅದು ಸೇಕಡಾ ಒಂದಕ್ಕಿಂತಲೂ ಕಡಿಮೆ. ಹಾಗಾದರೆ ಓದು ಬರೆಹವಿಲ್ಲದಿರುವುದೇ ಭಾಗ್ಯವೆನ್ನೋಣವೇ? ಎಂದಿಗೂ ಅಲ್ಲ. ಬಿ. ಎ. ಮುಗಿಸಿದ ಹುಡುಗನನ್ನು ಅವನ ತಂದೆ ಎಮ್ಮೆ ಮಾರಿಯಾದರೂ ಎರಡು ವರ್ಷ ಸಾಕುತ್ತಾನೆ. ಕೂಲಿಯವನ ಮಗನನ್ನು ಸಾಕುವವರಿಲ್ಲ. ನಮ್ಮ ದೇಶದಲ್ಲಿ ನಿರುದ್ಯೋಗಿಯೆನ್ನಿಸಿಕೊಳ್ಳುವುದಕ್ಕೂ ಅಷ್ಟಿಷ್ಟು ಆಸರೆಯಿರಬೇಕು! ಕರ್ನಾಟಕ ಸರ್ಕಾರದವರು 2023ರ ಡಿಸೆಂಬರಿನಲ್ಲಿ ನೋಂದಣಿ ಆರಂಭಿಸಿದ ಯುವನಿಧಿಯೂ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಗಳೆಂದು ಗೊತ್ತುಮಾಡಿದುದೇ ಹೊರತು, ಎಸ್. ಎಸ್. ಎಲ್. ಸಿ. ಯಲ್ಲಿ ನಿಂತುಹೋದವನ ಹೆಸರು ಅದರಲ್ಲಿಲ್ಲ.

ಈ ದೋಷವನ್ನು ನಮ್ಮ ವಿದ್ವಾಂಸರು ಕಾಣದೆ ಹೋಗಲಿಲ್ಲ. 1970ರಲ್ಲಿ ದಾಂತ್ವಾಲಾ ಅವರ ಸಮಿತಿಯು, ಇಂಡಿಯಾದಂಥ ದೇಶದ ನಿರುದ್ಯೋಗವನ್ನು ಒಂದೇ ಸಂಖ್ಯೆಯಲ್ಲಿ ಅಡಗಿಸಿ ಹೇಳುವುದು ಸರಿಯಲ್ಲವೆಂದು ವರದಿ ಮಾಡಿತು. ರಾಜಕೃಷ್ಣ ಎಂಬ ಅರ್ಥಶಾಸ್ತ್ರಜ್ಞರು 1973ರಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಬೇಕೆಂದರು: ಎಷ್ಟು ಹೊತ್ತು ಕೆಲಸವುಂಟು, ಎಷ್ಟು ವರಮಾನವುಂಟು, ಇನ್ನೂ ಕೆಲಸ ಬೇಕೆಂಬ ಇಚ್ಛೆಯುಂಟೇ, ಆ ಕೆಲಸದಿಂದ ಹುಟ್ಟುವ ಫಲವೆಷ್ಟು. ನಾಲ್ಕು ಪ್ರಶ್ನೆಗಳ ಬದಲಾಗಿ ಒಂದನ್ನು ಮಾತ್ರ ಕೇಳಿ, ಬಂದ ಉತ್ತರವನ್ನು ಡಂಗುರ ಹೊಡೆಯುವುದೇ ಈಗಿನ ವಾಡಿಕೆಯಾಗಿದೆ.

ಉದ್ಯೋಗವೇ ಒರೆಗಲ್ಲೇಕೆ

ಹಾಗಾದರೆ ಉದ್ಯೋಗದ ಅಂಕಿಯನ್ನು ಬಿಟ್ಟೇಬಿಡೋಣವೆಂದರೆ ಅದೂ ಸಲ್ಲದು. 1930ರ ಅನಂತರದ ಮಹಾ ಮುಗ್ಗಟ್ಟಿನಲ್ಲಿ ಅಮೆರಿಕದ ದುಡಿಯುವ ಜನರಲ್ಲಿ ಹೆಚ್ಚು ಕಡಮೆ ಕಾಲುಭಾಗವು ಕೆಲಸವಿಲ್ಲದೆ ಬೀದಿಪಾಲಾಯಿತು. ಜರ್ಮನಿಯಲ್ಲಿ ಅರುವತ್ತು ಲಕ್ಷದ ಆಸುಪಾಸು ಜನರು ನಿರುದ್ಯೋಗಿಗಳಾದರು. ಕೆಲಸವಿಲ್ಲದ ತರುಣರ ರೋಷದಿಂದ ಹಿಟ್ಲರನ ಪಕ್ಷವು ಹೇಗೆ ಕೊಬ್ಬಿತೆಂಬುದನ್ನು ಜಗತ್ತು ಕಂಡಿತು. ಆ ಪಾಠವನ್ನು ಕಲಿತುದರಿಂದಲೇ 1936ರಲ್ಲಿ ಕೇನ್ಸ್ ಪಂಡಿತರ ಗ್ರಂಥವೂ, 1944ರಲ್ಲಿ ಇಂಗ್ಲೆಂಡಿನ ಬೆವೆರಿಜರ ಪೂರ್ಣೋದ್ಯೋಗದ ವರದಿಯೂ, 1946ರಲ್ಲಿ ಅಮೆರಿಕದ ಉದ್ಯೋಗ ಶಾಸನವೂ ಹುಟ್ಟಿದುವು. ಪ್ರಜೆಗಳಿಗೆ ಕೆಲಸ ದೊರೆಯುವಂತೆ ನೋಡುವುದು ಸರ್ಕಾರದ ಹೊಣೆಯೆಂಬ ತತ್ವವು ಆಗ ಸ್ಥಿರವಾಯಿತು.

ನಮ್ಮ ಹಿರಿಯರು ಅದಕ್ಕೂ ಮುಂಚೆಯೇ ಈ ದಾರಿಯಲ್ಲಿ ಯೋಚಿಸಿದ್ದರು. ಮಹಾತ್ಮರು ರಾಟೆಯನ್ನು ಮುಂದಿಟ್ಟುದು ಯಂತ್ರದ್ವೇಷದಿಂದಲ್ಲ. ಇಂಡಿಯಾದ ರೈತನು ವರ್ಷದಲ್ಲಿ ಹಲವು ತಿಂಗಳು ಕೈಕಟ್ಟಿ ಕುಳಿತಿರಬೇಕಾಗಿದೆ, ಆ ತಿಂಗಳುಗಳಿಗೊಂದು ಕೆಲಸ ಬೇಕು ಎಂಬುದೇ ಅವರ ವಾದದ ಬೇರು. ಸರ್ ಎಂ. ವಿಶ್ವೇಶ್ವರಯ್ಯನವರು ಯಂತ್ರದ ಪಕ್ಷಪಾತಿಗಳು. ಆದರೂ 1934ರ ತಮ್ಮ ಯೋಜನಾ ಗ್ರಂಥದಲ್ಲಿ ಬೇಸಾಯದ ಮೇಲಿನ ಭಾರವನ್ನಿಳಿಸಿ ಕೈಗಾರಿಕೆಗಳಿಗೆ ಜನರನ್ನು ತಿರುಗಿಸಬೇಕೆಂದು ಪ್ರತಿಪಾದಿಸಿದರು. ಇಬ್ಬರ ಮಾರ್ಗಗಳೂ ಬೇರೆ. ಪ್ರಶ್ನೆಯು ಒಂದೇ: ರೈತನ ಖಾಲಿ ತಿಂಗಳುಗಳನ್ನು ತುಂಬುವುದು ಹೇಗೆ? ಸ್ವರಾಜ್ಯದ ರಾಜ್ಯಾಂಗವು ತನ್ನ 41ನೆಯ ವಿಧಿಯಲ್ಲಿ, ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯಲ್ಲಿ ಉದ್ಯೋಗದ ಹಕ್ಕನ್ನು ಒದಗಿಸಬೇಕೆಂದು ನಿರ್ದೇಶಿಸಿತು. ಅದು ನ್ಯಾಯಸ್ಥಾನದಲ್ಲಿ ದಾವೆ ಹೂಡಬಹುದಾದ ಹಕ್ಕಲ್ಲ. ಆದರೆ ರಾಷ್ಟ್ರವು ತನಗೆ ತಾನೇ ಕೊಟ್ಟುಕೊಂಡ ಮಾತು.

ನಮ್ಮ ಸೀಮೆಯ ಸ್ಥಿತಿ

ಈಗ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಬರೋಣ. ಕಲ್ಲುಗುಡ್ಡಗಳ ನಡುವೆ ಕೆಂಪು ಮಣ್ಣಿನ ಹೊಲಗಳು. ವರ್ಷಕ್ಕೆ ಆರುನೂರು ಮಿಲ್ಲಿಮೀಟರಿನ ಆಚೀಚೆ ಬಿದ್ದರೆ ಬಿತ್ತು ಎನ್ನುವ ಮಳೆ. ಜಯಮಂಗಲಿ, ಉತ್ತರ ಪಿನಾಕಿನಿಗಳು ಹೆಸರಿಗೆ ನದಿಗಳಾಗಿದ್ದು ವರ್ಷದ ಬಹುಭಾಗ ಮರಳಿನ ಹಾಸುಗಳು. ಶಿರಾ, ಪಾವಗಡ, ಮಧುಗಿರಿಗಳಲ್ಲಿ ಮಳೆಯಾಶ್ರಯದ ಕಡಲೆಕಾಯಿಯೇ ರೈತನ ಹಣದ ಬೆಳೆ. ಮುಂಗಾರು ಹದವಾದರೆ ಜೂನ್ ಜುಲೈಗಳಲ್ಲಿ ಬಿತ್ತನೆ, ಕಾರ್ತಿಕದ ಸುಮಾರಿಗೆ ಕೀಳುವಿಕೆ. ಅನಂತರ ಯುಗಾದಿಯವರೆಗೂ, ಅದರಾಚೆಗೂ, ನೀರಾವರಿಯಿಲ್ಲದವನ ಹೊಲದಲ್ಲಿ ಕೆಲಸವೇನಿದೆ? ಕೊಳವೆ ಬಾವಿಯುಳ್ಳವನು ಅಡಕೆಯನ್ನೋ ತರಕಾರಿಯನ್ನೋ ನೆಚ್ಚುತ್ತಾನೆ. ಆ ಬಾವಿಯೂ ವರ್ಷ ವರ್ಷಕ್ಕೆ ಆಳವಾಗುತ್ತ ಸಾಲವನ್ನೂ ಆಳವಾಗಿಸುತ್ತದೆ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ಕುಡಿದವನ ಮೂಳೆಯೇ ಬಾಗುತ್ತದೆಂದ ಮೇಲೆ ದುಡಿಮೆಯ ಮಾತೇನು?

ಈ ಸೀಮೆಯು ಹಿಂದೆ ಕೇವಲ ಬೇಸಾಯವನ್ನೇ ನಂಬಿದುದಲ್ಲ. ಹತ್ತೊಂಬತ್ತನೆಯ ಶತಮಾನದ ಮೈಸೂರು ಗ್ಯಾಸೆಟಿಯರು, ಸಂಸ್ಥಾನದಲ್ಲಿ ಉಕ್ಕನ್ನು ತಯಾರಿಸುತ್ತಿದ್ದ ತಾಲ್ಲೂಕುಗಳ ಸಾಲಿನಲ್ಲಿ ಮದ್ದಗಿರಿಯನ್ನು, ಅಂದರೆ ಈಗಿನ ಮಧುಗಿರಿಯನ್ನು, ಹೆಸರಿಸುತ್ತದೆ. ಹಳ್ಳದ ಕಪ್ಪು ಮರಳನ್ನು ಕರಗಿಸಿ ಕಬ್ಬಿಣ ತೆಗೆಯುವ ಕುಲುಮೆಗಳು ಇಲ್ಲಿದ್ದುವು. ಕುರುಬರ ಮನೆಗಳಲ್ಲಿ ಕಂಬಳಿಯ ಮಗ್ಗಗಳಿದ್ದುವು. ವಿದೇಶದ ಅಗ್ಗದ ಕಬ್ಬಿಣವು ಬಂದಿತು, ಕುಲುಮೆಗಳು ಆರಿದುವು. ಹಾಗೆ ಕೈಕಸಬುಗಳು ಕುಗ್ಗಿ ಮಳೆಯೊಂದೇ ಗತಿಯಾದಾಗ ಏನಾಗುತ್ತದೆಂಬುದನ್ನು ಧಾತು ಈಶ್ವರ ಸಂವತ್ಸರಗಳ ಬರವು ತೋರಿಸಿತು. 1871ರಲ್ಲಿ ಐವತ್ತು ಲಕ್ಷಕ್ಕೆ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ಗಣತಿಯಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿಯಿತು. ಆ ಬರದಲ್ಲಿ ಜನರು ಸತ್ತುದು ಧಾನ್ಯದ ಅಭಾವ ಒಂದರಿಂದಲೇ ಅಲ್ಲ. ದುಡಿಮೆ ನಿಂತುದರಿಂದ ಧಾನ್ಯವನ್ನು ಕೊಳ್ಳಲು ಕೈಯಲ್ಲಿ ಕಾಸಿಲ್ಲದೆ ಸತ್ತವರು ಅಸಂಖ್ಯಾತರು.

ಸ್ವರಾಜ್ಯ ಬಂದ ಮೇಲೆ ಅಂಥ ಸಾವುಗಳು ನಿಂತುವು. ಇದು ಸಾಮಾನ್ಯವಾದ ಸಾಧನೆಯಲ್ಲ. ಆದರೆ 2002ರಲ್ಲಿ ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು ಕರ್ನಾಟಕದಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿದಾಗ, ನಮ್ಮ ನಾಲ್ಕು ತಾಲ್ಲೂಕುಗಳೂ ಆ ಪಟ್ಟಿಯಲ್ಲಿ ಸೇರಿದ್ದುವು. ಈಗ ಹಸಿವಿನ ಬದಲು ವಲಸೆಯು ಬಂದಿದೆ. ಬೆಳೆ ಕಿತ್ತ ಮೇಲೆ ಗಂಡಾಳುಗಳು ಬೆಂಗಳೂರಿಗೆ ಹೊರಡುತ್ತಾರೆ. ಕಟ್ಟಡದ ಕೂಲಿ, ಕಾವಲುಗಾರಿಕೆ, ಹೋಟೆಲಿನ ಚಾಕರಿ, ಪೀಣ್ಯದ ಕಾರ್ಖಾನೆಗಳಲ್ಲಿ ಗುತ್ತಿಗೆಯ ಕೆಲಸ. ಹೆಣ್ಣುಮಕ್ಕಳು ಉಡುಪಿನ ಕಾರ್ಖಾನೆಗಳನ್ನು ಸೇರುತ್ತಾರೆ. ಹಳ್ಳಿಯಲ್ಲಿ ಉಳಿಯುವವರು ಮುದುಕರು, ಮಕ್ಕಳು, ದನಕರುಗಳು. ಹೋದವನನ್ನು ಬೆಂಗಳೂರಿನ ಲೆಕ್ಕದಲ್ಲಿ ಉದ್ಯೋಗಸ್ಥನೆಂದು ಬರೆಯುತ್ತಾರೆ. ಉಳಿದ ಮುದುಕಿಯು ಎರಡು ಆಡು ಮೇಯಿಸಿದರೆ ಇಲ್ಲಿಯ ಲೆಕ್ಕದಲ್ಲಿ ಅವಳೂ ಉದ್ಯೋಗಸ್ಥೆ. ಹೀಗೆ ಎರಡು ಕಡೆಯೂ ಅಂಕಿಯು ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಊರು ಮಾತ್ರ.

ಬೆಂಗಳೂರಿಗೆ ಹೋಗುವುದು ಪಾಪವೇ ಎಂದು ಕೇಳುವವರುಂಟು. ಹೆಚ್ಚಿನ ಸಂಪಾದನೆಗಾಗಿ, ವಿದ್ಯೆಗಾಗಿ, ತನ್ನಿಚ್ಛೆಯಿಂದ ಹೋಗುವವನನ್ನು ನಾವು ತಡೆಯತಕ್ಕವರಲ್ಲ. ಅವನು ಕಳುಹಿಸುವ ಹಣದಿಂದ ಊರಿನ ಮನೆಗೆ ಹೆಂಚು ಬಂದಿದೆ, ತಂಗಿಯ ಮದುವೆಯಾಗಿದೆ. ಆದರೆ ಇಚ್ಛೆಯಿಂದ ಹೋಗುವುದು ಬೇರೆ, ಊರಿನಲ್ಲಿ ಗತಿಯಿಲ್ಲದೆ ಹೋಗುವುದು ಬೇರೆ. ಮೊದಲನೆಯದು ಏಳಿಗೆ, ಎರಡನೆಯದು ಗುಳೆ. ಸರ್ಕಾರದ ಅಂಕಿಯು ಇವೆರಡನ್ನೂ ಒಂದೇ ಮನೆಯಲ್ಲಿ ಬರೆಯುತ್ತದೆ.

ಬಿಸಿಲಿನ ಬೆಳೆ

ಉತ್ಪತ್ತಿಯು ಹೆಚ್ಚಿದರೆ ಉದ್ಯೋಗವೂ ತಾನಾಗಿ ಹೆಚ್ಚುವುದೆಂದು ನಂಬಿದವರು ಒಮ್ಮೆ ಪಾವಗಡಕ್ಕೆ ಹೋಗಿಬರಬೇಕು. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ 13,000 ಎಕರೆ ನೆಲದಲ್ಲಿ ಜಗತ್ತಿನ ದೊಡ್ಡ ಸೌರ ವಿದ್ಯುತ್ ಕೇಂದ್ರಗಳಲ್ಲೊಂದು ಹರಡಿಕೊಂಡಿದೆ. 2018ರ ಮಾರ್ಚಿನಲ್ಲಿ ಅದರ ಉದ್ಘಾಟನೆಯಾಯಿತು. 2019ರ ಕೊನೆಗೆ 2,050 ಮೆಗಾವಾಟಿನ ಪೂರ್ಣ ಸಾಮರ್ಥ್ಯವನ್ನು ಪಡೆಯಿತು. ಭೂಮಿಯನ್ನು ಬಲಾತ್ಕಾರದಿಂದ ಕಸಿದುಕೊಳ್ಳದೆ ಗುತ್ತಿಗೆಗೆ ಹಿಡಿದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಗಳಂತೆ, ಎರಡು ವರ್ಷಕ್ಕೊಮ್ಮೆ ಸೇಕಡಾ ಐದು ಏರಿಕೆಯೊಡನೆ ಕೊಡುವ ಏರ್ಪಾಡು ನಡೆಯಿತು. ಇದು ಮೆಚ್ಚತಕ್ಕ ಮಾರ್ಗ. ಮಳೆಯನ್ನು ನಂಬಿ ಸೋತಿದ್ದ ಹೊಲದೊಡೆಯನಿಗೆ, ಬಿತ್ತದೆ ಬೆಳೆಯದೆ ಬರುವ ನಿಶ್ಚಿತ ವರಮಾನವು ದೊರೆಯಿತು. ಮೊದಲ ದರದಲ್ಲಿಯೇ ಲೆಕ್ಕ ಹಾಕಿದರೂ 13,000 ಎಕರೆಗೆ ವರ್ಷಕ್ಕೆ ಇಪ್ಪತ್ತೇಳು ಕೋಟಿ ರೂಪಾಯಿಗಳಿಗೆ ಮೀರುತ್ತದೆ.

ಆದರೆ ಆ ಹೊಲಗಳಲ್ಲಿ ಬರಿಯ ಒಡೆಯರು ಮಾತ್ರ ಇರಲಿಲ್ಲ. ಕಡಲೆಕಾಯಿ ಬಿತ್ತುವ, ಕಳೆ ತೆಗೆಯುವ, ಕೀಳುವ, ಬಿಡಿಸುವ ಕೂಲಿಯವರಿದ್ದರು. ಆ ಬಯಲಿನಲ್ಲಿ ಕುರಿ ಮೇಯಿಸುವವರಿದ್ದರು. ಅವರಿಗೆ ಎಕರೆಯೂ ಇಲ್ಲ, ಗುತ್ತಿಗೆಯೂ ಇಲ್ಲ. ಕೇಂದ್ರವನ್ನು ಕಟ್ಟುವಾಗ ಕಂಬ ನೆಡಲು, ಗುಂಡಿ ತೋಡಲು ಕೈಗಳು ಬೇಕಾದುವು. ಕಟ್ಟಿ ಮುಗಿದ ಮೇಲೆ ಉಳಿದುದು ಫಲಕಗಳ ಧೂಳು ತೊಳೆಯುವುದು, ಹುಲ್ಲು ಕೊಯ್ಯುವುದು, ಕಾವಲು ಕಾಯುವುದು. ಸೂರ್ಯದೇವನು ಕೂಲಿಯನ್ನು ಕೇಳುವವನಲ್ಲ; ಕೂಲಿಯವರನ್ನು ಇಟ್ಟುಕೊಳ್ಳುವವನೂ ಅಲ್ಲ! ರಾಷ್ಟ್ರದ ಉತ್ಪತ್ತಿಯ ಲೆಕ್ಕದಲ್ಲಿ ಪಾವಗಡವು ಮುಂದೆ ಬಂದಿತು. ದುಡಿಮೆಯ ಲೆಕ್ಕದಲ್ಲಿ ಅದೇ ಗ್ರಾಮಗಳ ಭೂಹೀನನು ಹಿಂದೆ ಬಿದ್ದನು. ಸೌರ ವಿದ್ಯುತ್ತು ಬೇಡವೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಕಲ್ಲಿದ್ದಲಿನ ಹೊಗೆಗಿಂತ ಅದು ಸಾವಿರ ಪಾಲು ಮೇಲು. ಆದರೆ ಒಂದು ಹೊಸ ಉದ್ಯಮವು ಬಂದಾಗ ಎಷ್ಟು ಮೆಗಾವಾಟ್ ಹುಟ್ಟುತ್ತದೆಂದು ಕೇಳುವಷ್ಟೇ ಆಸಕ್ತಿಯಿಂದ, ಎಷ್ಟು ಆಳಿನ ದಿನಗಳು ಹೋದುವು, ಎಷ್ಟು ಬಂದುವು ಎಂದು ಕೇಳುವವರು ಯಾರಾದರೂ ಇರಬೇಡವೇ? ಭೂಮಿಯ ಒಡೆಯನೊಡನೆ ಕರಾರು ಮಾಡಿಕೊಂಡಂತೆ ಭೂಮಿಯ ಕೂಲಿಗಾರನೊಡನೆಯೂ ಒಂದು ಕರಾರು ಏಕಾಗಬಾರದು?

ಖಾತರಿಯ ಕೆಲಸ

ಪಾವಗಡದ ನೆರೆಯ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ 2006ರ ಫೆಬ್ರವರಿ 2ರಂದು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯು ಆರಂಭವಾಯಿತು. 2008ರ ಏಪ್ರಿಲಿನಿಂದ ಅದು ದೇಶಕ್ಕೆಲ್ಲ ಹಬ್ಬಿತು. ಕೆಲಸ ಕೇಳಿದ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ ನೂರು ದಿನ. ಹದಿನೈದು ದಿನಗಳಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯ. ಕೆಲಸಗಾರರಲ್ಲಿ ಮೂರನೆಯ ಒಂದು ಪಾಲಿಗೆ ಕಡಮೆಯಿಲ್ಲದಂತೆ ಸ್ತ್ರೀಯರು. ಸರ್ಕಾರದ ದಯೆಯಾಗಿದ್ದ ಬರಗಾಲದ ಕಾಮಗಾರಿಯು ಪ್ರಜೆಯ ಹಕ್ಕಾಗಿ ಮಾರ್ಪಟ್ಟುದೇ ಆ ಶಾಸನದ ಹಿರಿಮೆ. ಕರ್ನಾಟಕದಲ್ಲಿ ಅದರ ದಿನಗೂಲಿಯು 2024-25ರಲ್ಲಿ 349 ರೂಪಾಯಿ, 2025-26ರಲ್ಲಿ 370 ರೂಪಾಯಿಗಳಾಗಿದ್ದಿತು. ನೂರು ದಿನವೂ ಪೂರ್ತಿಯಾಗಿ ದೊರೆತರೆ ಒಂದು ಕುಟುಂಬಕ್ಕೆ 37,000 ರೂಪಾಯಿ. ದೊಡ್ಡ ಮೊತ್ತವಲ್ಲ, ನಿಜ. ಆದರೆ ಬೇಸಗೆಯ ಖಾಲಿ ತಿಂಗಳುಗಳಲ್ಲಿ ಗುಳೆ ಹೋಗದೆ ಊರಿನಲ್ಲಿಯೇ ನಿಲ್ಲಲು ಅದೊಂದು ಊರುಗೋಲು.

2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಆ ಶಾಸನಕ್ಕೆ ಬದಲಾಗಿ ಮತ್ತೊಂದು ಶಾಸನವನ್ನು ಅಂಗೀಕರಿಸಿತು. ಹೊಸ ಶಾಸನವು ನೂರು ದಿನಗಳನ್ನು 125 ದಿನಗಳಿಗೆ ಏರಿಸಿದೆ. ಇದನ್ನು ಸ್ವಾಗತಿಸೋಣ. ಆದರೆ ಕೂಲಿಯ ಸಂಪೂರ್ಣ ಭಾರವನ್ನು ಹಿಂದೆ ಕೇಂದ್ರವು ಹೊರುತ್ತಿದ್ದಲ್ಲಿ, ಈಗ ಕರ್ನಾಟಕದಂಥ ರಾಜ್ಯಗಳು ಒಟ್ಟು ಖರ್ಚಿನಲ್ಲಿ ನೂರಕ್ಕೆ ನಲವತ್ತನ್ನು ಹೊರಬೇಕಾಗಿದೆ. ಬಿತ್ತನೆ ಕೊಯ್ಲುಗಳ ಕಾಲದಲ್ಲಿ ಅರುವತ್ತು ದಿನಗಳವರೆಗೆ ಕಾಮಗಾರಿಯನ್ನು ನಿಲ್ಲಿಸುವುದಕ್ಕೂ ಅವಕಾಶವುಂಟು. ದಿನಗಳು ಕಾಗದದಲ್ಲಿ ಹೆಚ್ಚಿ, ಹಣವಿಲ್ಲದ ಕಾರಣದಿಂದ ಹೊಲದಲ್ಲಿ ಕಡಮೆಯಾದರೆ ಪ್ರಯೋಜನವೇನು? ಮಳೆ ತಪ್ಪಿ ಬಿತ್ತನೆಯೇ ನಡೆಯದ ವರ್ಷದಲ್ಲಿ, ಬಿತ್ತನೆಯ ಕಾಲವೆಂದು ಕಾಮಗಾರಿಯನ್ನು ನಿಲ್ಲಿಸಿದರೆ ಪಾವಗಡದ ಕೂಲಿಗಾರನು ಎಲ್ಲಿಗೆ ಹೋಗಬೇಕು? ಪಂಚಾಂಗವನ್ನು ದೆಹಲಿಯಲ್ಲಿ ಬರೆದರೂ ಮಳೆಯ ನಕ್ಷತ್ರಗಳು ತಾಲ್ಲೂಕಿಗೊಂದು ರೀತಿಯಾಗಿ ನಡೆಯುವುವೆಂಬುದನ್ನು ಅಧಿಕಾರಿಗಳು ಮರೆಯಬಾರದು.

ಶಾಶ್ವತವಾದ ಪರಿಹಾರವು ನೀರು ಮತ್ತು ಕೈಗಾರಿಕೆಗಳಿಂದಲೇ ಬರಬೇಕೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಅವುಗಳ ನಡಿಗೆಯನ್ನು ನೋಡಿರಿ. ಶಿರಾ ಪಾವಗಡಗಳು ಆಸೆಗಣ್ಣಿನಿಂದ ನೋಡುತ್ತಿರುವ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಫೆಬ್ರವರಿಯ ಕೇಂದ್ರ ಆಯವ್ಯಯದಲ್ಲಿ 5,300 ಕೋಟಿ ರೂಪಾಯಿಗಳ ಸಹಾಯವು ಘೋಷಿತವಾಯಿತು. ಆ ಹಣವು ಕೈಸೇರಲಿಲ್ಲವೆಂದು ರಾಜ್ಯವೂ, ಕಾರಣಗಳುಂಟೆಂದು ಕೇಂದ್ರವೂ ವಾದಿಸಿದುವು. ಕೊರಟಗೆರೆ, ಮಧುಗಿರಿ, ಪಾವಗಡಗಳ ಮಾರ್ಗವಾಗಿ ಸಾಗಬೇಕಾದ ತುಮಕೂರು-ರಾಯದುರ್ಗ ರೈಲ್ವೆಗೆ 2007-08ರಲ್ಲಿ ಮಂಜೂರಾತಿ ದೊರೆಯಿತು. ಅಂದು ಹುಟ್ಟಿದ ಕೂಸು ಇಂದು ಕೆಲಸ ಹುಡುಕುವ ಪ್ರಾಯಕ್ಕೆ ಬಂದಿದೆ. ನೆರೆಯ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2014ರಲ್ಲಿಯೇ ಆಹಾರ ಪಾರ್ಕು ಆರಂಭವಾಯಿತು. ಗಡಿಯಾಚೆ ಪೆನುಕೊಂಡದಲ್ಲಿ 2019ರಿಂದ ಕಿಯಾ ಮೋಟಾರು ಕಾರುಗಳ ಕಾರ್ಖಾನೆ ನಡೆಯುತ್ತಿದೆ. ನಮ್ಮ ಸೀಮೆಯ ಮಕ್ಕಳು ಅಲ್ಲಿ ಬರಿಯ ಮೂಟೆ ಹೊರುವವರಾಗದೆ ಯಂತ್ರ ನಡೆಸುವವರಾಗಬೇಕಾದರೆ ತಾಲ್ಲೂಕಿನಲ್ಲಿಯೇ ಕಸಬಿನ ಶಿಕ್ಷಣವು ಬಲವಾಗಬೇಕು. ಶಿರಾದ ಕಡಲೆಕಾಯಿಯು ಚಳ್ಳಕೆರೆಯ ಗಾಣಕ್ಕೆ ಹೋಗಿ ಎಣ್ಣೆಯಾಗುವ ಬದಲು, ಬೆಳೆದ ಹೋಬಳಿಯಲ್ಲಿಯೇ ಸಹಕಾರ ಪದ್ಧತಿಯಿಂದ ಎಣ್ಣೆಯೂ ಹಿಂಡಿಯೂ ಚಿಕ್ಕಿಯೂ ಆದರೆ ಕಾರ್ತಿಕದ ಅನಂತರವೂ ಕೆಲಸವುಂಟು.

ಮೊದಲು ಲೆಕ್ಕವು ಸರಿಯಾಗಲಿ

ಇವೆಲ್ಲಕ್ಕೂ ಮುಂಚೆ ಆಗಬೇಕಾದುದು ತಾಲ್ಲೂಕಿನ ಲೆಕ್ಕ. ರಾಷ್ಟ್ರದ ಅಂಕಿಯುಂಟು, ರಾಜ್ಯದ ಅಂಕಿಯುಂಟು. ಪಾವಗಡದ ಮನುಷ್ಯನು ವರ್ಷಕ್ಕೆ ಎಷ್ಟು ದಿನ ದುಡಿದನೆಂಬ ಅಂಕಿಯನ್ನು ವರ್ಷ ವರ್ಷವೂ ಬರೆದಿಡುವ ಪುಸ್ತಕವಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದಾಗ, ತಾಲ್ಲೂಕು ತಾಲ್ಲೂಕಿನಿಂದ ಬಂದವರು ತಮ್ಮ ಸೀಮೆಯ ಕಷ್ಟಗಳನ್ನು ಹೇಳಿಕೊಳ್ಳುತ್ತಿದ್ದರು. ನೂರ ನಲವತ್ತು ವರ್ಷಗಳಾದ ಮೇಲೆ, ಗಣಕಯಂತ್ರಗಳ ಈ ಕಾಲದಲ್ಲಿ, ತಾಲ್ಲೂಕಿನ ದುಡಿಮೆಯನ್ನು ತಾಲ್ಲೂಕಿನವರು ತಿಳಿಯಲಾರದಿರುವುದು ನಾಚಿಕೆಗೇಡು. ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಕೇಳಿದವರ ಪುಸ್ತಕವುಂಟು. ಅಂಗನವಾಡಿಯವರಲ್ಲಿ ಮನೆಮನೆಯ ಪಟ್ಟಿಯುಂಟು. ಶಾಲೆಯಲ್ಲಿ ಮಧ್ಯ ವರ್ಷದಲ್ಲಿ ಬಿಟ್ಟುಹೋದ ಮಕ್ಕಳ ಹಾಜರಿಯುಂಟು. ಈ ಮೂರನ್ನೂ ಕೂಡಿಸಿದರೆ ಹೊಸ ಖರ್ಚಿಲ್ಲದೆ ನಾಲ್ಕು ಅಂಕಿಗಳು ದೊರೆಯುತ್ತವೆ: ದುಡಿದ ದಿನಗಳು, ಕೈಗೆ ಬಂದ ಕೂಲಿ, ಕೆಲಸ ಕೇಳಿ ದೊರೆಯದವರು, ಮನೆಗೆ ಬೀಗ ಹಾಕಿ ಹೋದವರು. ತಾಲ್ಲೂಕು ಆಡಳಿತವು ಯುಗಾದಿಗೊಮ್ಮೆ ಇವನ್ನು ಪ್ರಕಟಿಸಲಿ. ಯಾವ ಮಂತ್ರಿಗಳ ಕಾಲದಲ್ಲಿ ಏನಾಯಿತೆಂಬುದು ಆಗ ಭಾಷಣವಿಲ್ಲದೆಯೇ ತಿಳಿಯುತ್ತದೆ.

ವಾಚಕರು ತಾವಾಗಿ ಮಾಡಬಹುದಾದುದೂ ಒಂದುಂಟು. 2011ರ ಅನಂತರದ ಜನಗಣತಿಗೆ 2027ರ ಮಾರ್ಚ್ 1ನ್ನು ಆಧಾರದಿನವೆಂದು ಸರ್ಕಾರದವರು ಪ್ರಕಟಿಸಿದ್ದಾರೆ. 2011ರ ಗಣತಿಯಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರನ್ನು ಮುಖ್ಯ ಕೆಲಸಗಾರರೆಂದೂ, ಅದಕ್ಕಿಂತ ಕಡಮೆ ದುಡಿದವರನ್ನು ಅಲ್ಪಾವಧಿ ಕೆಲಸಗಾರರೆಂದೂ ಬೇರೆ ಮಾಡಿದರು. ಆಗ ದೇಶದ 48 ಕೋಟಿ ಕೆಲಸಗಾರರಲ್ಲಿ ಸುಮಾರು 12 ಕೋಟಿ ಮಂದಿ, ಎಂದರೆ ನಾಲ್ಕರಲ್ಲೊಬ್ಬರು, ಈ ಎರಡನೆಯ ಗುಂಪಿನವರು. ಹತ್ತು ವರ್ಷಗಳಲ್ಲಿ ಸ್ವಂತ ಬೇಸಾಯಗಾರರು 12.7 ಕೋಟಿಯಿಂದ 11.9 ಕೋಟಿಗೆ ಇಳಿದು, ಹೊಲದ ಕೂಲಿಗಳು 10.7 ಕೋಟಿಯಿಂದ 14.4 ಕೋಟಿಗೆ ಏರಿದುದನ್ನು ಬಯಲು ಮಾಡಿದುದೂ ಆ ಗಣತಿಯೇ. ಹಳ್ಳಿಯವರೆಗೂ ಇಳಿದು ಲೆಕ್ಕ ಹೇಳಬಲ್ಲುದು ಅದೊಂದೇ. ಗಣತಿಯವರು ಬಾಗಿಲಿಗೆ ಬಂದಾಗ ನಮ್ಮವರು ಮಾನಕ್ಕಂಜಿ, ಎಲ್ಲರೂ ವರ್ಷವೆಲ್ಲ ದುಡಿಯುತ್ತಿದ್ದೇವೆಂದು ಬರೆಯಿಸುವುದುಂಟು. ಹೆಂಗಸರ ದುಡಿಮೆಯನ್ನು ಕೇಳಿದರೆ, ಮನೆಯಲ್ಲಿದ್ದಾಳೆ ಎಂದು ಹೇಳಿಬಿಡುವುದುಂಟು. ಎರಡೂ ತಪ್ಪು. ನಾಲ್ಕು ತಿಂಗಳು ದುಡಿದವನು ನಾಲ್ಕೇ ತಿಂಗಳೆಂದು ಬರೆಯಿಸಲಿ. ಕಳೆ ತೆಗೆದವಳು ಕಳೆ ತೆಗೆದೆನೆಂದು ಬರೆಯಿಸಲಿ. ಅದರಲ್ಲಿ ಮಾನ ಹೋಗುವುದೇನೂ ಇಲ್ಲ. ಕೆಲಸ ಕೊಡಲಾರದ ವ್ಯವಸ್ಥೆಗೆ ಹೋಗಬೇಕಾದ ಮಾನ ಅದು.

ಕಾಯಕವನ್ನು ಕೈಲಾಸಕ್ಕೆ ಸಮನೆಂದು ಕಂಡ ನಾಡು ನಮ್ಮದು. ಕಾಯಕವನ್ನು ಬಯಸಿ ಬಂದವನಿಗೆ ಅದು ದೊರೆಯದೆ ಹೋದರೆ ಆ ಮಾತಿಗೆ ಅರ್ಥವುಳಿಯದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಮಹಾಜನರು ತಮ್ಮ ಪ್ರತಿನಿಧಿಗಳನ್ನು ಕಂಡಾಗ ರಸ್ತೆಯನ್ನೂ ದೇವಾಲಯದ ಜೀರ್ಣೋದ್ಧಾರವನ್ನೂ ಕೇಳುವಂತೆ, ತಾಲ್ಲೂಕಿನಲ್ಲಿ ಈ ವರ್ಷ ಎಷ್ಟು ದಿನದ ದುಡಿಮೆ ಹೆಚ್ಚಾಯಿತೆಂದು ಕೇಳತಕ್ಕದ್ದು. ಮುಂದಿನ ಗ್ರಾಮಸಭೆಯಲ್ಲಿಯೇ ಆ ಪ್ರಶ್ನೆಯು ಏಳಲಿ; ಬಂದ ಉತ್ತರವನ್ನು ಸಭೆಯ ನಡವಳಿಯ ಪುಸ್ತಕದಲ್ಲಿ ಬರೆಯಿಸಿ, ಬರುವ ವರ್ಷ ಅದರೊಡನೆ ತಾಳೆ ನೋಡಲಿ.